ಸಹಿಗೆ ಮೊದಲು ಬರೆದ ಎರಡು ಸಾಲು

ಅಕ್ಕನಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ, ಈ ವಯಸ್ಸಿನಲ್ಲಿ ಅದನ್ನು ಮಾಡಿಸಿಕೊಳ್ಳುವ ಮನಸ್ಸೂ ಇಲ್ಲ. ಆದರೆ ಶಿರಸಿಯ ಹೊರವಲಯದಲ್ಲಿರುವ ನಮ್ಮ ಮನೆಯಿಂದ ಬಿಡ್ಕಿಬೈಲಿಗೆ ಹೋಗಲು ದಿನವೂ ಆಟೊ ಕಾಯುವುದು ಅವಳಿಗೆ ಸಾಕಾಗಿಹೋಗಿತ್ತು. ಮೋಟಾರು 250 ವಾಟ್, ವೇಗ ಗಂಟೆಗೆ 25 ಕಿ.ಮೀ., ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ., ಈ ಮಿತಿಯೊಳಗಿನ ವಿದ್ಯುತ್ ಸ್ಕೂಟರಿಗೆ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಕಿಲ್ಲವಾದ್ದರಿಂದ ಅಂಥದನ್ನೇ ಹುಡುಕಿ, ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿ ತರಿಸಿದೆ. ಏರಿನಲ್ಲಿ ಅದು ಏದುಸಿರು ಬಿಡುತ್ತದೆ ಎಂಬುದು ಬೇರೆ ಮಾತು. ಅಕ್ಕನ ದಾರಿ ಬಹುಪಾಲು ಸಮತಟ್ಟು.

ಹುಬ್ಬಳ್ಳಿಯಿಂದ ಬಂದ ಟೆಂಪೋದಲ್ಲಿ ಪೆಟ್ಟಿಗೆ ಮಲಗಿತ್ತು. ಮೇಲ್ಮುಖವಾಗಿರಬೇಕಿದ್ದ ಬಾಣದ ಗುರುತುಗಳು ಚಾಲಕನ ಕ್ಯಾಬಿನ್ನಿನತ್ತ ತಿರುಗಿದ್ದವು, ಬಲಗಡೆಯ ಕೆಳಮೂಲೆಯಲ್ಲಿ ರಟ್ಟು ಒಂದು ಗೇಣಿನಷ್ಟು ಹರಿದು ಥರ್ಮೋಕೋಲ್ ಇಣುಕುತ್ತಿತ್ತು. ಇಳಿಸಿ ನಿಲ್ಲಿಸಿದ್ದೇ ಚಾಲಕ ರಶೀದಿ ಚಾಚಿದ. "ಸಹಿ ಮಾಡ್ರಿ ಸರ, ಇನ್ನಾ ಬನವಾಸಿಗೆ ಹೋಗೂದೈತಿ." ಸಹಿಯ ಜಾಗದ ಮೇಲೆ, ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂದು ಮೊದಲೇ ಅಚ್ಚಾಗಿತ್ತು. ಪೆನ್ನು ಕಾಗದಕ್ಕೆ ತಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಮಳೆ ಬರುವ ಲಕ್ಷಣವಿತ್ತು, ಆತನಿಗೆ ಅವಸರವಿತ್ತು, ನನಗೂ ಸಂಕೋಚ. ಕೊನೆಗೆ ಆ ಅಚ್ಚಿನ ಸಾಲನ್ನು ಹೊಡೆದುಹಾಕಿ, "ಪೆಟ್ಟಿಗೆಯ ಬಲ ಕೆಳಮೂಲೆ ಹರಿದಿದೆ, ಮಲಗಿಸಿದ ಸ್ಥಿತಿಯಲ್ಲಿ ಬಂದಿದೆ. ಒಳಗಿನ ವಾಹನವನ್ನು ಇನ್ನೂ ಪರೀಕ್ಷಿಸಿಲ್ಲ" ಎಂದು ಬರೆದು, ವೇಳೆ ಹಾಕಿ ಸಹಿ ಮಾಡಿದೆ. ಚಾಲಕ ತನ್ನ ಮಾಲೀಕರಿಗೆ ಫೋನು ಹಚ್ಚಿದ. ಹತ್ತು ನಿಮಿಷದ ಮಾತುಕತೆಯ ನಂತರ "ಆತು ತಗೋರಿ" ಎಂದು ಹೊರಟ. ಅಷ್ಟರಲ್ಲಿ ಆ ರಶೀದಿಯ ಫೋಟೊವನ್ನೂ, ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೊಗಳನ್ನೂ ತೆಗೆದುಕೊಂಡಿದ್ದೆ.

ಪೆಟ್ಟಿಗೆಯನ್ನು ವಾಪಸು ಕಳಿಸಬಹುದಿತ್ತಲ್ಲ ಎಂದು ಹಲವರು ಕೇಳಿದರು. ರಟ್ಟು ಹರಿದ ಮಾತ್ರಕ್ಕೆ ಒಳಗಿನ ವಸ್ತು ಕೆಟ್ಟಿದೆಯೆಂದಲ್ಲ. ಮರಳಿ ಹೋದರೆ ಅದೇ ಪೆಟ್ಟಿಗೆ ಇನ್ನಷ್ಟು ಹಮಾಲರ ಕೈ ದಾಟಬೇಕು, ಅಷ್ಟು ದಿನ ಹಣವೂ ಸಿಕ್ಕಿಬಿದ್ದಿರುತ್ತದೆ. ಬ್ಯಾಟರಿ ಇರುವ ಕಡೆ ಜಜ್ಜಿದ ಗುರುತೋ ಸುಟ್ಟ ವಾಸನೆಯೋ ಇದ್ದಿದ್ದರೆ ಮಾತ್ರ ಖಂಡಿತ ಇಳಿಸಿಕೊಳ್ಳುತ್ತಿರಲಿಲ್ಲ.

ಜಗುಲಿಯಲ್ಲಿ ಪೆಟ್ಟಿಗೆ ಬಿಚ್ಚುವಾಗ ಅಕ್ಕನ ಮಗ ಮೊದಲ ಟೇಪು ಕತ್ತರಿಸುವುದರಿಂದ ಹಿಡಿದು ಕೊನೆಯವರೆಗೂ ನಿಲ್ಲಿಸದೆ ವಿಡಿಯೊ ಮಾಡಿದ. ಮುಂದಿನ ಮಡ್‌ಗಾರ್ಡ್ ಬೋಲ್ಟಿನ ರಂಧ್ರದಲ್ಲೇ ಸೀಳಿತ್ತು, ಒಂದು ಕನ್ನಡಿ ಪುಡಿಯಾಗಿತ್ತು. ಇವು ಕಣ್ಣಿಗೆ ಕಾಣುವವು. ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿದಾಗ ಒಂದೊಂದು ಸುತ್ತಿಗೂ ಒಂದೇ ಜಾಗದಲ್ಲಿ "ಸರ್" ಎಂಬ ಸದ್ದು ಬಂತು. ಪೆನ್ಸಿಲೊಂದನ್ನು ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲಿಗೆ ಕಟ್ಟಿ, ಪೆನ್ಸಿಲಿನ ಮೊನೆ ಬ್ರೇಕಿನ ಡಿಸ್ಕಿಗೆ ತಾಗಿಯೂ ತಾಗದಂತೆ ಇಟ್ಟು ಚಕ್ರವನ್ನು ನಿಧಾನವಾಗಿ ತಿರುಗಿಸಿದೆ. ಡಿಸ್ಕು ಒಂದು ಕಡೆ ಮೊನೆಗೆ ಉಜ್ಜುತ್ತಿತ್ತು, ಅದರ ಎದುರು ಭಾಗದಲ್ಲಿ ಸುಮಾರು ಎರಡು ಮಿಲಿಮೀಟರ್ ದೂರ ಸರಿಯುತ್ತಿತ್ತು. ಬ್ಯಾಟರಿಯ ಹೊರಕವಚ ಉಬ್ಬಿರಲಿಲ್ಲ, ಬಿರುಕೂ ಇರಲಿಲ್ಲ. ಆದರೂ ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಒಳಗೇ ಕೆಟ್ಟು, ಚಾರ್ಜಿಗೆ ಹಾಕಿದಾಗ ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ಅದನ್ನು ಬಿಚ್ಚಿ ಮನೆಯಿಂದ ದೂರದ ಶೆಡ್ಡಿನಲ್ಲಿ ಇಟ್ಟೆ. ಕಂಪನಿಯ ತಂತ್ರಜ್ಞರು ಪರೀಕ್ಷಿಸುವವರೆಗೆ ಅಕ್ಕ ಎಷ್ಟು ಹೇಳಿದರೂ ಚಾರ್ಜ್ ಮಾಡಲಿಲ್ಲ.

ನಿಜವಾದ ತಕರಾರು ಎದ್ದದ್ದು ಮರುದಿನ. ಹ್ಯಾಂಡಲ್ ನೇರ ಹಿಡಿದರೂ ಮುಂದಿನ ಚಕ್ರ ಏಕೋ ಸೊಟ್ಟ ಕಾಣುತ್ತಿತ್ತು. ತೋಟದಲ್ಲಿ ಸಸಿ ನೆಡಲು ಸಾಲು ಹಿಡಿಯುವ ಹುರಿಯನ್ನು ತಂದು, ಹಿಂದಿನ ಟೈರಿನ ಎರಡೂ ಬದಿಗೆ ತಾಗಿಸಿ ಮುಂದಕ್ಕೆ ಎಳೆದು ಹಿಡಿದೆವು. ಎಡಗಡೆ ಹುರಿ ಮುಂದಿನ ಟೈರಿಗೆ ಒರಗಿತು, ಬಲಗಡೆ ಬೆರಳು ತೂರುವಷ್ಟು ಸಂದು ಉಳಿಯಿತು. ಗ್ಯಾರೇಜಿನವರು ಬಂದು ನೋಡಿ, ಫೋರ್ಕ್ ಬಾಗಿದೆ, ಹೀಗೆ ಓಡಿಸಬೇಡಿ ಎಂದರು.

ಮಾರಿದವರ ಮೊದಲ ಉತ್ತರ ಇದು ಸಾಗಣೆಯವರ ತಪ್ಪು ಎಂಬುದಾಗಿತ್ತು. ನಾನು ಹಣ ಕೊಟ್ಟದ್ದು ಮಾರಿದವರಿಗೆ, ಸಾಗಣೆಯವರನ್ನು ಗೊತ್ತು ಮಾಡಿದವರೂ ಅವರೇ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳಂತೆ ಅವರ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆದ್ದರಿಂದ ಗ್ರಾಹಕ ಸೇವೆಯ ಫೋನಿನಲ್ಲಿ ಕಾಯುವುದನ್ನು ಬಿಟ್ಟು, ಆ ಅಧಿಕಾರಿಗೇ ಇಮೇಲ್ ಬರೆದೆ. ಫೋಟೊಗಳಿಗೆ ಅಂಕಿ ಹಾಕಿ, ಯಾವ ಅಂಕಿಯ ಫೋಟೊ ಯಾವ ಹಾನಿಯದು ಎಂದು ಒಂದೊಂದೇ ಸಾಲಿನಲ್ಲಿ ತಿಳಿಸಿದೆ. ರಸ್ತೆ ಸಾಗಣೆಯ ಕಾನೂನಿನಂತೆ ಸಾಗಣೆಯವರಿಗೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡುವುದು ನಿಮ್ಮ ಕೆಲಸ ಎಂದೂ ಸೇರಿಸಿದೆ.

ಮಡ್‌ಗಾರ್ಡ್, ಕನ್ನಡಿ, ಡಿಸ್ಕುಗಳಿಗೆ ಅವರು ಬೇಗನೆ ಒಪ್ಪಿದರು. ಫೋರ್ಕಿನ ವಿಷಯದಲ್ಲಿ, ರಶೀದಿಯಲ್ಲಿ ಅದರ ಉಲ್ಲೇಖವಿಲ್ಲ, ಓಡಿಸಿ ಬಾಗಿಸಿರಬಹುದು ಎಂದರು. ಆಗ ಕೈಹಿಡಿದದ್ದು "ಒಳಗಿನ ವಾಹನವನ್ನು ಇನ್ನೂ ಪರೀಕ್ಷಿಸಿಲ್ಲ" ಎಂಬ ಸಾಲು, ಜೊತೆಗೆ ಓಡೋಮೀಟರಿನ ಸೊನ್ನೆಯ ಫೋಟೊ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅವರು ಕೊಟ್ಟ ದೂರಿನ ಸಂಖ್ಯೆಯನ್ನು ಮುಂದಿನ ಇಮೇಲಿನ ಮೊದಲ ಸಾಲಿನಲ್ಲೇ ಬರೆದೆ. ಐದು ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲದಿದ್ದರೂ, ಘಟ್ಟ ಇಳಿದು ಕಾರವಾರಕ್ಕೆ ಅಲೆಯುವ ಪ್ರಸಂಗ ಬರಲಿಲ್ಲ.

ಬೇರೆ ಸ್ಕೂಟರನ್ನೇ ಕಳಿಸುತ್ತೇವೆಂದು ಅವರು ಹೇಳಿದಾಗ ನಾನು ಬೇಡವೆಂದೆ, ಏಕೆಂದರೆ ಅದೂ ಅದೇ ದಾರಿಯಲ್ಲಿ, ಅಂಥದೇ ಪೆಟ್ಟಿಗೆಯಲ್ಲಿ ಬರಬೇಕಿತ್ತು. ಬಿಡಿಭಾಗಗಳನ್ನೂ ಗ್ಯಾರೇಜಿನ ಕೂಲಿಯನ್ನೂ ಕೇಳಿದೆ. ಹುಬ್ಬಳ್ಳಿಯಿಂದ ಬಂದ ತಂತ್ರಜ್ಞರು ಬ್ಯಾಟರಿ ಸರಿಯಿದೆಯೆಂದು ಲಿಖಿತವಾಗಿ ಕೊಟ್ಟರು. ಫೋರ್ಕ್ ಬಂದದ್ದು ಎಲ್ಲಕ್ಕಿಂತ ತಡವಾಗಿ, ಉದ್ದನೆಯ ಕೊಳವೆಯಂಥ ರಟ್ಟಿನಲ್ಲಿ. ಆ ರಟ್ಟನ್ನು ಸುತ್ತ ತಿರುಗಿಸಿ ನೋಡಿಯೇ ಸಹಿ ಹಾಕಿದೆ. ಜೋಡಿಸಿದ ಸಂಜೆ ಮತ್ತೆ ಅದೇ ಹುರಿ ಹಿಡಿದು ನೋಡಿದಾಗ ಎರಡೂ ಬದಿಯ ಸಂದು ಒಂದೇ ಆಗಿತ್ತು.