ಬಟ್ಟಲು, ಒಳಲೆ ಇದ್ದರೆ ಸಾಕು: ಕೆಲಸಕ್ಕೆ ಹೊರಟ ತಾಯಿ ಎದೆಹಾಲು ತೆಗೆದಿಡುವುದು ಹೇಗೆ?

ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಬರೀ ಎದೆಹಾಲು ಕುಡಿಸಬೇಕಾದ ಆರು ತಿಂಗಳಿಗೆ ಸರಿಯಾಗಿ ಹೊಂದುವ ಲೆಕ್ಕ. ಆದರೆ ಹೆರಿಗೆಗೆ ಮುಂಚೆಯೇ 8 ವಾರ ರಜೆ ಹಾಕಿದವಳಿಗೆ ಆಮೇಲೆ ಉಳಿಯುವುದು 18 ವಾರ. ನಾಲ್ಕು ತಿಂಗಳು ದಾಟಿದ ಕೂಸನ್ನು ಬಿಟ್ಟು ನಾನು ಮಂಡ್ಯದಿಂದ ಮೈಸೂರಿಗೆ ಬೆಳಗಿನ ಪುಶ್‌ಪುಲ್ ರೈಲು ಹತ್ತಿದ್ದು ಹಾಗೆಯೇ. ಗಾರ್ಮೆಂಟ್ಸ್‌ಗೆ ಹೋಗುವವರು, ಖಾಸಗಿ ಶಾಲೆಯ ಟೀಚರುಗಳು, ಇವರಲ್ಲಿ ಎಷ್ಟೋ ಮಂದಿಗೆ ಅಷ್ಟೂ ಸಿಗುವುದಿಲ್ಲ. "ಇನ್ನು ಡಬ್ಬಿ ಹಾಲೇ ಗತಿ" ಅಂತ ಮನೆಯಲ್ಲಿ ಮಾತು ಏಳುವುದು ಆಗಲೇ. ಅದೊಂದೇ ಗತಿಯಲ್ಲ. ಪಂಪೂ ಬೇಕಿಲ್ಲ. ಕೈ, ಅಗಲ ಬಾಯಿಯ ಸ್ಟೀಲ್ ಬಟ್ಟಲು, ಅದಕ್ಕೊಂದು ಮುಚ್ಚಳ, ಕೂಸಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು, ಅಂದರೆ ಒಂದು ಒಳಲೆ ಇದ್ದರಾಯಿತು.

ಕೈ ಪಳಗಬೇಕು

ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ಶುರು ಮಾಡಿ. ಬೆಳಗಿನ ಜಾವ ಎದೆ ತುಂಬಿರುತ್ತದೆ, ಅದೇ ಒಳ್ಳೆಯ ಹೊತ್ತು. ಬಟ್ಟಲು, ಮುಚ್ಚಳ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇರಲಿ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಬೆಚ್ಚಗಿನ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಟ್ಟು ಮೆಲ್ಲಗೆ ನೀವಿಕೊಳ್ಳಿ.

ಈಗ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ತೊಟ್ಟಿನ ಮೇಲಲ್ಲ, ಅದರಿಂದ ಮೂರು-ನಾಲ್ಕು ಸೆಂ.ಮೀ. ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಕೂಡಿಸಿ ಅಮುಕಿ, ಬಿಡಿ. ಒತ್ತು, ಅಮುಕು, ಬಿಡು. ಹಸು ಕರೆದು ರೂಢಿಯಿರುವ ಕೈ ತಪ್ಪುವುದು ಇಲ್ಲಿಯೇ. ತೊಟ್ಟನ್ನು ಎಳೆಯಬಾರದು, ಬೆರಳು ಚರ್ಮದ ಮೇಲೆ ಜಾರಬಾರದು. ಎಳೆದರೆ ತೊಟ್ಟು ಒಡೆಯುತ್ತದೆಯೇ ಹೊರತು ಹಾಲು ಬರುವುದಿಲ್ಲ. ನೋವಾಯಿತೆಂದರೆ ಹಿಡಿತ ಸರಿಯಿಲ್ಲವೆಂದೇ ಅರ್ಥ.

ಮೊದಲೊಂದು ನಿಮಿಷ ಏನೂ ಬರದಿದ್ದರೆ ಕೈಬಿಡಬೇಡಿ. ಹನಿ ಕಾಣಿಸುತ್ತದೆ, ಆಮೇಲೆ ಸಣ್ಣ ಧಾರೆ. ಧಾರೆ ಸಣ್ಣಗಾದಾಗ ಬೆರಳನ್ನು ಸುತ್ತಲೂ ಸರಿಸುತ್ತಾ ಹೋಗಿ, ಮೂರರಿಂದ ಐದು ನಿಮಿಷಕ್ಕೆ ಇನ್ನೊಂದು ಎದೆಗೆ ಬದಲಿಸಿ, ಮತ್ತೆ ಮೊದಲಿನದಕ್ಕೆ ಬನ್ನಿ. ಒಟ್ಟು 20-30 ನಿಮಿಷ ಹಿಡಿಯುತ್ತದೆ. ಮಗುವನ್ನು ನೆನೆಸಿಕೊಂಡರೆ ಹಾಲು ಇಳಿಯುವುದು ಹಾರ್ಮೋನಿನ ಕೆಲಸ, ಕಟ್ಟುಕಥೆಯಲ್ಲ. ಆಫೀಸಿನಲ್ಲಿ ನಾನು ಮೊಬೈಲಿನಲ್ಲಿ ಮಗಳ ವಿಡಿಯೊ ಹಾಕಿಕೊಂಡು ಕೂರುತ್ತಿದ್ದೆ.

ಎಷ್ಟು, ಎಲ್ಲಿ, ಎಷ್ಟು ಹೊತ್ತು

ಆರು ತಿಂಗಳೊಳಗಿನ ಮಗು ದಿನಕ್ಕೆ ಸರಾಸರಿ 750 ಮಿ.ಲೀ. ಆಸುಪಾಸು ಕುಡಿಯುತ್ತದೆ. ಎಂಟು ಸಲವೆಂದರೆ ಸಲಕ್ಕೆ ನೂರಕ್ಕಿಂತ ತುಸು ಕಡಿಮೆ. ಒಂಬತ್ತು ಗಂಟೆ ಹೊರಗಿದ್ದರೆ ಮೂರು ಬಟ್ಟಲು ಇಟ್ಟು ಹೋಗಿ.

ಕೋಣೆ 25 ಡಿಗ್ರಿ ಮೀರದಿದ್ದರೆ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ. ನಮ್ಮ ಕಡೆಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಈ ಲೆಕ್ಕ ನಂಬಬೇಡಿ. ಫ್ರಿಜ್ಜಿನಲ್ಲಿ ಬಾಗಿಲ ಕಡೆಗಿಡದೆ ಒಳಗಿಟ್ಟು, 24 ಗಂಟೆಯೊಳಗೆ ಮುಗಿಸಿ. ಬಟ್ಟಲಿನ ಮೇಲೆ ಹೊತ್ತು ಬರೆದ ಚೀಟಿ ಅಂಟಿಸಿ.

ಒಂದು ದಿನ ಸಂಜೆ ಬಂದು ನೋಡಿದರೆ ಮೂರು ಬಟ್ಟಲೂ ತೊಳೆದು ಬೋರಲು ಹಾಕಿತ್ತು, ಮಗು ಮಾತ್ರ ಕಿರುಚುತ್ತಿತ್ತು. "ಹಾಲು ಒಡ್ದೋಗಿತ್ತು ಕಣವ್ವ, ಚೆಲ್ಬುಟ್ಟೆ" ಅಂದರು ಅತ್ತೆ. ಒಡೆದಿರಲಿಲ್ಲ. ತಣ್ಣಗಿಟ್ಟ ಎದೆಹಾಲಿನಲ್ಲಿ ಕೆನೆ ಮೇಲೆ ತೇಲಿ, ಕೆಳಗೆ ನೀರಾಗಿ ಕಾಣುತ್ತದೆ. ಮೆಲ್ಲಗೆ ಅಲ್ಲಾಡಿಸಿದರೆ ಕೂಡಿಕೊಳ್ಳುತ್ತದೆ. ತಪ್ಪು ಅವರದಲ್ಲ, ಹೇಳದೇ ಹೋದವಳು ನಾನು. ಮಾರನೆಯ ದಿನ ಆಶಾ ಕಾರ್ಯಕರ್ತೆಯನ್ನು ಕರೆಸಿ ಅತ್ತೆಯ ಎದುರೇ ಎಲ್ಲ ತೋರಿಸಿಕೊಡಿ ಎಂದೆ. ನೀವು ಇದನ್ನು ಹೆರಿಗೆಯಾದ 42 ದಿನಗಳಲ್ಲಿ ಅವರು ಮನೆಗೆ ಬಂದು ಹೋಗುವಾಗಲೇ ಕೇಳಿಕೊಳ್ಳಿ. ಮಗು ನೋಡಿಕೊಳ್ಳುವವರೂ ಪಕ್ಕದಲ್ಲಿರಲಿ.

ಕುಡಿಸುವವರಿಗೆ

ಹಾಲನ್ನು ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗಾಗಿಸಿದರೆ ಸಾಕು. ತೊಟ್ಟಿಲ ಶಾಸ್ತ್ರಕ್ಕೆ ಬಂದ ಬೆಳ್ಳಿ ಒಳಲೆ ಬೀರುವಿನಲ್ಲಿದ್ದರೆ ಹೊರತೆಗೆಯಿರಿ, ಇಲ್ಲದಿದ್ದರೆ ಸ್ಟೀಲಿನದು. ಮಗುವನ್ನು ತೊಡೆಯ ಮೇಲೆ ತಲೆ ಎತ್ತಿ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ. ಸುರಿಯಬೇಡಿ, ಅದೇ ಹೀರಿಕೊಳ್ಳಲಿ. ಬಾಟಲಿ ಬೇಡವೆನ್ನಲು ಕಾರಣ, ಅದರ ನಿಪ್ಪಲಿನ ಸಂದಿಯನ್ನು ಚೊಕ್ಕಟವಾಗಿಡುವುದು ಕಷ್ಟ. ಅದಕ್ಕೆ ಒಗ್ಗಿದ ಮಗು ಎದೆ ಬೇಡವೆನ್ನುವುದೂ ಉಂಟು. ಫೀಡಿಂಗ್ ಬಾಟಲಿಯ ಜಾಹೀರಾತನ್ನು 1992ರ ಕಾನೂನೇ ನಿಷೇಧಿಸಿದೆ. ಮಗು ಕುಡಿದು ಉಳಿಸಿದ ಹಾಲು ಎರಡು ಗಂಟೆಯ ಮೇಲೆ ಚೆಲ್ಲಿ.

ಕೆಲಸದ ಜಾಗದಲ್ಲಿ

ಮೂರು ಗಂಟೆಗೊಮ್ಮೆ ಹಿಂಡಲೇಬೇಕು. ತಪ್ಪಿಸಿದರೆ ಎದೆ ಕಟ್ಟಿಕೊಳ್ಳುತ್ತದೆ, ದಿನ ಕಳೆದಂತೆ ಹಾಲೂ ಇಳಿಮುಖವಾಗುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವು ಕಾನೂನಿನಲ್ಲೇ ಇದೆ, ಸಂಕೋಚವಿಲ್ಲದೆ ಕೇಳಿ. 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಶೌಚಾಲಯದಲ್ಲಿ ಕೂತು ಹಿಂಡಬೇಡಿ. ನಾನು ರೆಕಾರ್ಡ್ ರೂಮಿಗೆ ಚಿಲಕ ಹಾಕಿಕೊಂಡು ಹಳೇ ಕಡತಗಳ ನಡುವೆ ಕೂರುತ್ತಿದ್ದೆ. ಆ ಹಾಲು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಮನೆಗೆ ಬರುತ್ತಿತ್ತು. ಎದೆಯಲ್ಲಿ ಗಂಟು ಕೆಂಪಾಗಿ ಜ್ವರ ಬಂದರೆ ಕುಡಿಸುವುದನ್ನು ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಮನೆ ಸೇರಿದ ಮೇಲೆ ರಾತ್ರಿಯಿಡೀ ನೇರ ಎದೆಗೇ ಹಾಕಿಕೊಳ್ಳಿ. ನೀವು ಬರುವ ಹೊತ್ತಿಗೆ ಮಗುವಿಗೆ ಹಸಿವಿರಬೇಕು. ಹಾಗಾಗಿ ರೈಲು ಪಾಂಡವಪುರ ಬಿಟ್ಟ ಕೂಡಲೇ ನಾನು ಅತ್ತೆಗೆ ಫೋನ್ ಮಾಡುತ್ತಿದ್ದೆ: "ಬಂದೆ ಅತ್ತೆ, ಒಳಲೆ ಎತ್ತಿಡಿ."