ಕೊಲೆಸ್ಟರಾಲ್ ಮಾತ್ರೆಯ ಜೊತೆಗೆ ಗಿಡಮೂಲಿಕೆ: ನುಂಗುವ ಮುನ್ನ ಏನೇನು ನೋಡಬೇಕು?

ಕೊಲೆಸ್ಟರಾಲ್ ತಗ್ಗಿಸಲು ವೈದ್ಯರು ಮಾತ್ರೆ ಬರೆದುಕೊಟ್ಟ ಕೆಲವೇ ದಿನಗಳಲ್ಲಿ ಹಲವು ಮನೆಗಳಿಗೆ ಇನ್ನೊಂದು ಡಬ್ಬಿ ಬಂದು ಸೇರುತ್ತದೆ. ಅದು ಬೆಳ್ಳುಳ್ಳಿಯ ಕ್ಯಾಪ್ಸೂಲ್ ಇರಬಹುದು, ಗುಗ್ಗುಳುವಿನ ಗುಳಿಗೆ ಇರಬಹುದು, ಹೊಳೆಮತ್ತಿ ಚಕ್ಕೆಯ ಪುಡಿಯೋ ನೆಂಟರು ವಿದೇಶದಿಂದ ತಂದ ಸೀಸೆಯೋ ಇರಬಹುದು. ಮಾತ್ರೆ ‘ಕೆಮಿಕಲ್’, ಇದು ‘ನ್ಯಾಚುರಲ್’, ಹಾಗಾಗಿ ಒಂದರ ತಂಟೆಗೆ ಇನ್ನೊಂದು ಹೋಗುವುದಿಲ್ಲ ಎಂಬ ನಂಬಿಕೆಯಿಂದ ಎರಡನ್ನೂ ನುಂಗುವವರಿದ್ದಾರೆ. ಆದರೆ ಕರುಳಿನ ಗೋಡೆಗಾಗಲಿ ಯಕೃತ್ತಿಗಾಗಲಿ ಈ ಭೇದ ಗೊತ್ತಿಲ್ಲ. ಎರಡೂ ಹಾದು ಹೋಗಬೇಕಾದ ಬಾಗಿಲು ಒಂದೇ.

ಮೊದಲ ಕೆಲಸ, ನಿಮ್ಮ ಮಾತ್ರೆಯ ನಿಜವಾದ ಹೆಸರನ್ನು ತಿಳಿಯುವುದು. ಮಾತ್ರೆಯ ಸ್ಟ್ರಿಪ್ ಮೇಲೆ ಎದ್ದು ಕಾಣುವುದು ಕಂಪನಿ ಇಟ್ಟ ಹೆಸರು. ಅದರ ಬಳಿ ಸಣ್ಣ ಅಕ್ಷರಗಳಲ್ಲಿ ಅಟೊರ್ವಸ್ಟಾಟಿನ್, ರೊಸುವಸ್ಟಾಟಿನ್ ಅಥವಾ ಸಿಮ್ವಸ್ಟಾಟಿನ್ ಎಂದಿರುತ್ತದೆ; ಈ ಗುಂಪಿನ ಮಾತ್ರೆಗಳಿಗೆ ಸ್ಟಾಟಿನ್ ಎಂದು ಹೆಸರು. ಈ ವ್ಯತ್ಯಾಸ ಮುಖ್ಯ. ಅಟೊರ್ವಸ್ಟಾಟಿನ್ ಮತ್ತು ಸಿಮ್ವಸ್ಟಾಟಿನ್‌ಗಳನ್ನು ದೇಹವು ಸಿವೈಪಿ3ಎ4 ಎಂಬ ಕಿಣ್ವದ ನೆರವಿನಿಂದ ಒಡೆದು ಹೊರಹಾಕುತ್ತದೆ. ರೊಸುವಸ್ಟಾಟಿನ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ. ಮೂಲಿಕೆಯೊಂದು ಈ ಕಿಣ್ವದ ಕೈ ಕಟ್ಟಿದರೆ ಮಾತ್ರೆಯ ಅಂಶ ರಕ್ತದಲ್ಲಿ ಏರುತ್ತದೆ, ಚುರುಕುಗೊಳಿಸಿದರೆ ಮಾತ್ರೆ ಕೆಲಸ ಮಾಡುವ ಮುನ್ನವೇ ಕರಗಿಹೋಗುತ್ತದೆ. ಹೃದ್ರೋಗಿಗಳಿಗೆ ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಸ್ಟಾಟಿನ್ ಜೊತೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ಕೂಡ ಸೇರಿರುತ್ತದೆ. ಅಂಥವರು ಬೆಳ್ಳುಳ್ಳಿಯ ಸಾರಸತ್ವವನ್ನು ಸೇವಿಸಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚಬಹುದು.

ಎರಡನೆಯದಾಗಿ, ಮನೆಯಲ್ಲಿ ಸೇವಿಸುತ್ತಿರುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಲೇಬಲ್‌ಗಳನ್ನು ಓದಿ. ಆಯುರ್ವೇದ ಔಷಧಿಯಾದರೆ ಆಯುಷ್ ತಯಾರಿಕಾ ಪರವಾನಗಿಯ ಸಂಖ್ಯೆ, ಪೌಷ್ಟಿಕ ಪೂರಕವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಅದರ ಮೇಲಿರಬೇಕು. ಎರಡೂ ಇಲ್ಲದ ಪುಡಿಯ ಬಗ್ಗೆ ಮುಂದೆ ಚರ್ಚಿಸುವ ಅಗತ್ಯವೇ ಇಲ್ಲ, ಅದನ್ನು ಬದಿಗಿಡಿ. ಹೆಸರಿನ ಗೊಂದಲವೂ ಸಣ್ಣ ಸಂಗತಿಯಲ್ಲ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದಾಗ ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ರೋಗಿಗಳು ತಿಂದದ್ದು ಅದೇ ಕುಲದ ಬೇರೊಂದು ಬಳ್ಳಿ ಇರಬಹುದು ಎಂದಿತು. ಯಾರ ವಾದ ಸರಿಯೆಂಬುದು ಹಾಗಿರಲಿ, ಸ್ಟಾಟಿನ್ ಸೇವಿಸುತ್ತ ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರುವವರಿಗೆ ಎರಡೂ ಉತ್ತರಗಳು ಕಳವಳದವೇ.

ಮೂರನೆಯ ಹಂತದಲ್ಲಿ ಅಡುಗೆಮನೆಯದನ್ನೂ ಕಾರ್ಖಾನೆಯದನ್ನೂ ಬೇರೆ ಮಾಡಬೇಕು. ಸಾರಿಗೆ ಹಾಕುವ ಅರಿಶಿನ, ಒಗ್ಗರಣೆಯ ಬೆಳ್ಳುಳ್ಳಿ, ಪಂದಿಕರಿಗೆ ಹಾಕುವ ಕಾಚಂಪುಳಿ ಇವುಗಳ ಬಗ್ಗೆ ಹೆದರಬೇಕಿಲ್ಲ. ಆದರೆ ಅದೇ ಅರಿಶಿನದಿಂದ ಕರ್ಕ್ಯುಮಿನ್ ಒಂದನ್ನೇ ಸಾಂದ್ರಗೊಳಿಸಿ, ದೇಹ ಹೆಚ್ಚು ಹೀರಲಿ ಎಂದು ಮೆಣಸಿನ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್ ಬೇರೆಯೇ ವಸ್ತು. ಇಟಲಿ, ಅಮೆರಿಕಗಳಲ್ಲಿ ಇಂಥ ಅರಿಶಿನ ಪೂರಕಗಳಿಂದ ಯಕೃತ್ತಿನ ಉರಿಯೂತವಾದ ಪ್ರಕರಣಗಳು ದಾಖಲಾಗಿವೆ. ಕಾಚಂಪುಳಿಗೂ ಮಲೆನಾಡಿನ ಅಡುಗೆಗೂ ಒದಗುವ ಉಪ್ಪಾಗೆಯ ಕಥೆಯೂ ಇದೇ: ಅದರ ಸಿಪ್ಪೆಯಿಂದ ತೆಗೆದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ತೂಕ ಇಳಿಸುವ ‘ಗಾರ್ಸಿನಿಯಾ’ ಮಾತ್ರೆಯಾಗಿ ಮಾರಾಟವಾಗುತ್ತದೆ, ಅದರಿಂದಲೂ ಯಕೃತ್ತಿಗೆ ಪೆಟ್ಟು ಬಿದ್ದದ್ದುಂಟು.

ಇನ್ನು ಕೆಲವನ್ನು ಹೆಸರು ಹಿಡಿದೇ ಹುಡುಕಬೇಕು. ಅವುಗಳಲ್ಲಿ ಮೊದಲನೆಯದು ‘ರೆಡ್ ಯೀಸ್ಟ್ ರೈಸ್’, ಅಂದರೆ ಕೆಂಪು ಶಿಲೀಂಧ್ರ ಬೆಳೆಸಿದ ಅಕ್ಕಿ. (ನಮ್ಮ ಕೆಂಪಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಕೆಂಪಕ್ಕಿ ಗಂಜಿ ಉಣ್ಣುವವರು ನಿಶ್ಚಿಂತೆಯಿಂದ ಉಣ್ಣಬಹುದು.) ಸ್ಟಾಟಿನ್‌ಗಳ ಶೋಧಕರಾದ ಜಪಾನಿನ ಅಕಿರಾ ಎಂಡೊ 1979ರಲ್ಲಿ ಈ ಬಗೆಯ ಶಿಲೀಂಧ್ರದಿಂದ ಮೊನಾಕೊಲಿನ್ ಕೆ ಎಂಬ ಅಂಶವನ್ನು ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೊವಸ್ಟಾಟಿನ್ ಎಂಬ ಔಷಧಿಯೂ ಇದೂ ಒಂದೇ ಅಣು. ಹಾಗಾಗಿ ಸ್ಟಾಟಿನ್ ಜೊತೆಗೆ ಇದನ್ನು ನುಂಗುವುದೆಂದರೆ ಗೊತ್ತಿಲ್ಲದೆಯೇ ಎರಡನೆಯ ಸ್ಟಾಟಿನ್ ನುಂಗಿದಂತೆ, ಅದೂ ಡಬ್ಬಿಯಿಂದ ಡಬ್ಬಿಗೆ ಪ್ರಮಾಣ ಬದಲಾಗುವಂಥದ್ದು. ಐರೋಪ್ಯ ಒಕ್ಕೂಟ 2022ರಲ್ಲಿ ಇಂಥ ಪೂರಕಗಳಲ್ಲಿ ಮೊನಾಕೊಲಿನ್‌ಗಳು ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂದು ಮಿತಿ ಹಾಕಿತು. ಎರಡನೆಯದು, ಮನಸ್ಸಿನ ಬೇಸರಕ್ಕೆಂದು ವಿದೇಶಗಳಲ್ಲಿ ಸುಲಭವಾಗಿ ಸಿಗುವ ಸೇಂಟ್ ಜಾನ್ಸ್ ವರ್ಟ್. ಇದು ಕಿಣ್ವವನ್ನು ಚುರುಕುಗೊಳಿಸಿ ಸಿಮ್ವಸ್ಟಾಟಿನ್, ಅಟೊರ್ವಸ್ಟಾಟಿನ್‌ಗಳ ಫಲವನ್ನು ಕುಗ್ಗಿಸುತ್ತದೆ. ಮೂರನೆಯದಾದ ಗುಗ್ಗುಳು ನಮ್ಮಲ್ಲಿ 1980ರ ದಶಕದಿಂದಲೂ ಕೊಲೆಸ್ಟರಾಲ್ ಔಷಧಿಯಾಗಿ ಪರಿಚಿತ. ಆದರೆ 2003ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ 8 ವಾರ ನಡೆದ ಪ್ರಯೋಗವೊಂದರಲ್ಲಿ ಅದನ್ನು ಸೇವಿಸಿದವರ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) ಇಳಿಯುವ ಬದಲು ತುಸು ಏರಿತ್ತು.

ನಾಲ್ಕನೆಯ ಹಂತ ಹೊತ್ತಿನ ಲೆಕ್ಕ. ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಇಸಬ್‌ಗೋಲ್‌ನಂಥ ನಾರು ಎಲ್‌ಡಿಎಲ್ ಅನ್ನು ಸ್ವಲ್ಪ ಮಟ್ಟಿಗೆ ಇಳಿಸುತ್ತದೆ, ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿಟ್ಟರೆ ಸಾಕು. ಆದರೆ ಎಲ್ಲದಕ್ಕೂ ಅಂತರವೇ ಮದ್ದಲ್ಲ. ಗ್ರೇಪ್‌ಫ್ರೂಟ್ ರಸದಲ್ಲಿರುವ ಫ್ಯುರಾನೊಕೌಮರಿನ್‌ಗಳು ಕರುಳಿನ ಕಿಣ್ವವನ್ನು ಮತ್ತೆ ಏಳದಂತೆ ಮಾಡುತ್ತವೆ. ದೇಹ ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ಆದ್ದರಿಂದಲೇ ನಡೆಯುವುದಿಲ್ಲ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ. ತಳಿಗೆ ತಕ್ಕಂತೆ ಪ್ರಮಾಣ ಬೇರೆಯಾದರೂ ಚಕ್ಕೋತದಲ್ಲೂ ಈ ಅಂಶಗಳಿವೆ. ಭೌಗೋಳಿಕ ಸೂಚ್ಯಂಕ ಪಡೆದ ದೇವನಹಳ್ಳಿ ಚಕ್ಕೋತವನ್ನು ಹಬ್ಬಕ್ಕೆ ನಾಲ್ಕು ತೊಳೆ ತಿನ್ನಬೇಡಿ ಎಂದು ಹೇಳುವಷ್ಟು ಕಠಿಣ ನಾನಲ್ಲ, ಆದರೆ ಸಿಮ್ವಸ್ಟಾಟಿನ್ ಅಥವಾ ಅಟೊರ್ವಸ್ಟಾಟಿನ್ ಸೇವಿಸುವವರು ದಿನವೂ ಲೋಟಗಟ್ಟಲೆ ರಸ ಕುಡಿಯುವ ಮುನ್ನ ವೈದ್ಯರನ್ನು ಕೇಳಬೇಕು.

ಐದನೆಯದಾಗಿ, ಆ ಚೀಲವನ್ನು ಹಾಗೆಯೇ ವೈದ್ಯರ ಬಳಿಗೆ ಒಯ್ಯಿರಿ. ಅವರು ಬೈಯಬಹುದೆಂಬ ಅಳುಕಿನಿಂದ ಮುಚ್ಚಿಟ್ಟರೆ, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರಾದಾಗ ದೋಷವೆಲ್ಲ ಸ್ಟಾಟಿನ್ ತಲೆಗೆ ಬಂದು, ಬೇಕಾದ ಮಾತ್ರೆಯೇ ನಿಂತುಹೋಗುವ ಸಂಭವವಿದೆ. ಅವರು ಒಪ್ಪಿದ ಪೂರಕಗಳನ್ನೂ ಒಮ್ಮೆಗೆ ಒಂದರಂತೆ ಮಾತ್ರ ಆರಂಭಿಸಿ, ಆರಂಭದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ, ಕೊಲೆಸ್ಟರಾಲ್ ಹಾಗೂ ಯಕೃತ್ತಿನ ಪರೀಕ್ಷೆಗಳನ್ನು ಮೊದಲೊಮ್ಮೆ, ಆಮೇಲೆ ಅವರು ಹೇಳಿದ ಅವಧಿಗೆ ಇನ್ನೊಮ್ಮೆ ಮಾಡಿಸಿ. ಪುಡಿಯ ಮೇಲಿನ ಭರವಸೆಯಿಂದ ಸ್ಟಾಟಿನ್ ಅನ್ನು ತಾವಾಗಿ ನಿಲ್ಲಿಸುವುದು, ವಿಶೇಷವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ, ಅಪಾಯಕಾರಿ.

ಕಾರಣವಿಲ್ಲದೆ ತೊಡೆ, ಭುಜಗಳ ಸ್ನಾಯುಗಳು ನೋಯತೊಡಗಿದರೆ ಅಥವಾ ಬಲಗುಂದಿದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಪೂರಕವನ್ನು ತಕ್ಷಣ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟಾಟಿನ್ ಅನ್ನು ಮುಂದುವರಿಸಬೇಕೇ ಎಂಬುದನ್ನು ಅಲ್ಲಿ ನಿರ್ಧರಿಸುತ್ತಾರೆ. ಹೋಗುವಾಗ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ; ಔಷಧಿಯ ದುಷ್ಪರಿಣಾಮಗಳನ್ನು ವರದಿ ಮಾಡಲು ಇರುವ ರಾಷ್ಟ್ರೀಯ ಸಹಾಯವಾಣಿಗೆ (1800-180-3024) ಕರೆ ಮಾಡುವಾಗಲೂ ಅದರ ಮೇಲಿನ ಬ್ಯಾಚ್ ಸಂಖ್ಯೆ ಕೈಯಲ್ಲಿರಲಿ.