ಬೆಲ್ ಜಾರ್‌ನಲ್ಲಿ ಕಂಡ ನೇರಳೆ ಬೆಳಕು

ಕೋಲಾರದ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಹಳೇ ರೋಟರಿ ವ್ಯಾಕ್ಯೂಮ್ ಪಂಪ್ ಒಂದಿದೆ, ಜೊತೆಗೊಂದು ಬೆಲ್ ಜಾರ್, ಅಂದರೆ ಒಳಗಿನ ಗಾಳಿ ಎಳೆದು ತೆಗೆಯಲು ಬಳಸುವ ಗಂಟೆಯಾಕಾರದ ಗಾಜಿನ ಮುಚ್ಚಳ. ಹೋದ ವರ್ಷ ನಾಲ್ಕು ಜನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗೈಗರ್ ಕೌಂಟರ್ ಮಾಡಿದೆ. ಅನಿಲ ತುಂಬಿದ ಟ್ಯೂಬ್ ಒಂದರಿಂದ ವಿಕಿರಣವನ್ನು ಎಣಿಸುವ ಉಪಕರಣ ಅದು. ರಾಕೆಟ್‌ನಲ್ಲಿ ಹೋಗುವ ಡಿಟೆಕ್ಟರ್‌ಗೆ ಮಾಡುವ ಪರೀಕ್ಷೆಗಳಲ್ಲಿ ಕೈಲಾದಷ್ಟನ್ನು ಇದಕ್ಕೂ ಮಾಡಿ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಆಕಾಶದಿಂದ ಬರುವ ಎಕ್ಸ್-ರೇ ನೆಲ ಮುಟ್ಟೋದಿಲ್ಲ, ಗಾಳಿಯೇ ನುಂಗಿಬಿಡುತ್ತದೆ. ಅದಕ್ಕೇ ರಾಕೆಟ್ ಬೇಕು. 1962ರ ಜೂನ್ 18ರ ರಾತ್ರಿ ಅಮೆರಿಕದ ವೈಟ್ ಸ್ಯಾಂಡ್ಸ್‌ನಿಂದ ರಿಕಾರ್ಡೊ ಜಿಯಕೋನಿ ತಂಡ ಏರೋಬೀ ರಾಕೆಟ್‌ನಲ್ಲಿ ಕಳಿಸಿದ್ದೂ ಗೈಗರ್ ಕೌಂಟರ್‌ಗಳನ್ನೇ. 80 ಕಿ.ಮೀ. ಮೇಲೆ ಸಿಕ್ಕಿದ್ದು ಆರು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲೇ ವೃಶ್ಚಿಕ ರಾಶಿಯ ಕಡೆ ಸೌರವ್ಯೂಹದ ಹೊರಗಿನ ಮೊದಲ ಎಕ್ಸ್-ರೇ ಮೂಲ ಕಂಡಿತು. ಆಮೇಲೆ ಕೇರಳದ ತುಂಬಾ ರಾಕೆಟ್ ಕೇಂದ್ರದಿಂದಲೂ ಇಂಥ ಡಿಟೆಕ್ಟರ್‌ಗಳು ಹಾರಿದವು. ಆ ಕೆಲವೇ ನಿಮಿಷದಲ್ಲಿ ಉಪಕರಣ ಕೈಕೊಟ್ಟರೆ ಮುಗೀತು, ಅಲ್ವಾ?

ನಮ್ಮ ಟ್ಯೂಬ್‌ನ ಗೋಡೆ ಲೋಹದ್ದು. ಮೆದು, ಅಂದರೆ ಕಡಿಮೆ ಶಕ್ತಿಯ ಎಕ್ಸ್-ರೇ ಹಿಡಿಯಲು ತೆಳು ಮೈಕಾ ಕಿಟಕಿ ಬೇಕು. ಆದರೆ ನಾನು ನೋಡಬೇಕಿದ್ದದ್ದು ಟ್ಯೂಬ್‌ಗೆ ಕೊಡುವ 400 ವೋಲ್ಟ್ ಏನು ಮಾಡುತ್ತದೆ ಅಂತ. ಮೇಜಿನ ಮೇಲೆ ನಿಮಿಷಕ್ಕೆ 20ರ ಆಸುಪಾಸು ಎಣಿಕೆ, ಎಲ್ಲ ಸರಿ. ಜಾರ್ ಮುಚ್ಚಿ, ಲೈಟ್ ಆರಿಸಿ, ಪಂಪ್ ಹಾಕಿದೆವು. ಗಾಳಿ ತೆಳುವಾಗುತ್ತಾ ಹೋದಂತೆ ಸರ್ಕ್ಯೂಟಿನ ಎರಡು ಬೆಸುಗೆಗಳ ನಡುವೆ ನೇರಳೆ ಬೆಳಕು ಹೊತ್ತಿಕೊಂಡಿತು. ಎಣಿಕೆ ಹುಚ್ಚಾಪಟ್ಟೆ ಏರಿತು. ಒಂದು ಹುಡುಗಿ "ಸಾರ್, ಏನೋ ಸಿಕ್ತು!" ಅಂದಳು. ಏನೂ ಸಿಕ್ಕಿರಲಿಲ್ಲ, ಆ ಬೆಳಕಿನ ಜೊತೆ ಗಾಳಿಯಲ್ಲಿ ಹರಿದ ಕರೆಂಟನ್ನೇ ಕೌಂಟರ್ ಎಣಿಸುತ್ತಿತ್ತು. ಪಂಪ್ ಇನ್ನೂ ಎಳೆದಾಗ ಬೆಳಕು ತಾನಾಗೇ ಆರಿತು.

ಜಾತ್ರೆಯ ಗುಂಪಿನಲ್ಲಿ ಓಡೋಕಾಗಲ್ಲ. ಖಾಲಿ ಮೈದಾನದಲ್ಲಿ ಎಷ್ಟು ಓಡಿದರೂ ಯಾರಿಗೂ ಡಿಕ್ಕಿಯಾಗಲ್ಲ. ಗಾಳಿಯಲ್ಲಿ ಎಲೆಕ್ಟ್ರಾನ್ ಪಾಡೂ ಅದೇ. ನಡುವಿನ ಒತ್ತಡದಲ್ಲಿ ಮಾತ್ರ ವೇಗವೂ ಸಿಗುತ್ತದೆ, ಡಿಕ್ಕಿ ಹೊಡೆಯಲು ಕಣವೂ ಸಿಗುತ್ತದೆ. ಆ ಡಿಕ್ಕಿಗಳಿಂದಲೇ ಗಾಳಿ ಹೊಳೆಯುತ್ತದೆ. ಒಂದು ಸೆಂಟಿಮೀಟರ್ ಸಂದಿಗೆ ಆ ಒತ್ತಡ ಸುಮಾರು 0.6 ಮಿ.ಮೀ. ಪಾದರಸ, ಅಂದರೆ ಹೆಚ್ಚುಕಡಿಮೆ 50 ಕಿ.ಮೀ. ಎತ್ತರದ ಗಾಳಿ. ರಾಕೆಟ್ ಅದನ್ನು ದಾಟಿಯೇ ಹೋಗಬೇಕು. ಹಾಗಾಗಿ ಸಾಕಷ್ಟು ಮೇಲೆ ಹೋಗುವ ತನಕ ಹೈ ವೋಲ್ಟೇಜ್ ಆನ್ ಮಾಡದೇ ಇರುವುದು ಒಂದು ದಾರಿ. ಸರ್ಕ್ಯೂಟನ್ನು ರಬ್ಬರಿನಂಥ ಸಿಲಿಕೋನ್‌ನಲ್ಲಿ ಮುಚ್ಚುವುದು ಇನ್ನೊಂದು.

ನಾವು ಸಿಲಿಕೋನ್ ಹಚ್ಚಿದೆವು. ಅವಸರಕ್ಕೆ ದಪ್ಪಗೆ ಬಳಿದೆವು, ಒಳಗೆ ಗಾಳಿಗುಳ್ಳೆ ಉಳಿಯಿತು. ಮಾರನೇ ದಿನ ಅದೇ ಗುಳ್ಳೆಯೊಳಗೆ ಸಾಸಿವೆ ಕಾಳಿನಷ್ಟು ನೇರಳೆ ಚುಕ್ಕೆ! ಎಲ್ಲ ಕಿತ್ತು, ಬೆಸುಗೆಯ ಚೂಪು ತುದಿಗಳನ್ನು ದುಂಡಗೆ ಮಾಡಿ, ಈ ಸಲ ತೆಳು ಪದರಗಳಲ್ಲಿ ಹಚ್ಚಿದೆವು. ಪ್ರತಿ ಪದರ ಒಣಗುವ ಮುಂಚೆ ಜಾರ್‌ನಲ್ಲಿಟ್ಟು ಗುಳ್ಳೆ ಹೊರಗೆಳೆದೆವು. ಇದಕ್ಕೇ ಒಂದು ವಾರ ಹಿಡಿಯಿತು.

ಆಮೇಲೆ ಪಂಪ್ ಹಾಕಿದರೆ ಬೆಳಕಿಲ್ಲ. ಹುಡುಗರು ಚಪ್ಪಾಳೆ ಹೊಡೆದರು. ಆದರೆ ನಮ್ಮ ಪಂಪ್ ಆ ಒತ್ತಡವನ್ನು ಸರ್ರನೆ ದಾಟಿಬಿಡುತ್ತದೆ, ನನಗೆ ಅನುಮಾನ. ವಾಲ್ವ್ ಕೂದಲೆಳೆಯಷ್ಟು ತೆರೆದು ಗಾಳಿಯನ್ನು ನಿಧಾನ ಒಳಬಿಟ್ಟೆ. ವೈರ್ ತುದಿಯಲ್ಲಿ ಮತ್ತೆ ಮಿಣುಕು. ಅಲ್ಲಿಗೂ ಇನ್ನೆರಡು ಪದರ ಹಚ್ಚಿದೆವು. ಈಗ ಒಂದೊಂದು ಒತ್ತಡದಲ್ಲೂ ಹತ್ತು ನಿಮಿಷ ನಿಲ್ಲಿಸಿ, ಏರುವಾಗಲೂ ಇಳಿಯುವಾಗಲೂ ಎಣಿಕೆ ಬರೆದುಕೊಳ್ಳುತ್ತೇವೆ.